ಬೋರ್ಡೋಗೆ ಹೋಗಿ ಬಂದ ಭಾವ

ಪುತ್ತೂರು, ಸುಳ್ಯ, ಕಡಬ ಕಡೆ ಯಾವ ಅಡಿಕೆ ತೋಟದ ಮನೆಗೆ ಹೋದರೂ ಜಗಲಿಯ ಮೂಲೆಕೋಣೆಯಲ್ಲಿ ಇಂಥ ಒಬ್ಬ ಭಾವ ಸಿಗುತ್ತಾನೆ. 2020ರ ಲಾಕ್‌ಡೌನಿಗೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಬಂದವನು. ಕೊರೊನಾ ಹೋಯಿತು, ಇವನು ಹೋಗಲಿಲ್ಲ. ಹಗಲಿಗೆ ಕಂಪೆನಿ ಕೆಲಸ, ರಾತ್ರಿಗೆ ಯುರೋ ಟ್ರಕ್ ಸಿಮ್ಯುಲೇಟರ್ 2. ಫ್ರಾನ್ಸಿನ ರಸ್ತೆಗಳನ್ನು ಬೇರೆ ದುಡ್ಡು ಕೊಟ್ಟು ಕೊಂಡಿದ್ದಾನೆ. ಇಪ್ಪತ್ತು ಟನ್ನಿನ ಲಾರಿಯನ್ನು ಸಲೀಸಾಗಿ ರಿವರ್ಸ್ ತೆಗೆಯುತ್ತಾನೆ. ಅಂಗಳದಲ್ಲಿ ಗೊಬ್ಬರದ ಪಿಕಪ್ ರಿವರ್ಸ್ ತೆಗೆಯಲು ಹೋಗಿ ಹಟ್ಟಿಯ ಮಾಡು ಬೀಳಿಸಿದವನೂ ಇವನೇ.

ಆದರೆ ಭಾವನಿಗೆ ಲಾರಿ ಓಡಿಸಿದ್ದು ಸಾಲದು, ನಾಲ್ಕು ಜನ ನೋಡಬೇಕು. ಗೇಮು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಗಿರಾಕಿಗೊಂದು ಪ್ರೊಫೈಲ್ ಪುಟ ಉಂಟು, ಮದುವೆ ಆಲ್ಬಮ್ಮಿನ ಹಾಗೆ. ಅದಕ್ಕೆ ಪಟ ಹೋಗಬೇಕಾದರೆ ಎಫ್12 ಒತ್ತಬೇಕು. ಭಾವ ಮೂರು ವರ್ಷ ಒತ್ತಿದ್ದು ಎಫ್10. ಅದರ ಪಟಗಳೆಲ್ಲ ಗೇಮಿನದೇ ಫೋಲ್ಡರಿನಲ್ಲಿ ಬಿದ್ದುಕೊಂಡವು. ಒಳಗೆ ಮುನ್ನೂರು ಪಟ, ಹೊರಗೆ ಸೊನ್ನೆ.

ಕಡೆಗೊಂದು ಉಪಾಯ ಕಂಡುಹಿಡಿದ. ಗೇಮು ತೆರೆದು ಎಫ್12 ಒತ್ತಿ ಮೊದಲು ಒಂದು ಸುಳ್ಳು ಪಟ ತೆಗೆಯುವುದು. ಆಮೇಲೆ ಯೂಸರ್‌ಡೇಟಾ ಎಂಬ ಫೋಲ್ಡರಿಗೆ ಇಳಿದು, ಖಾತೆಯ ನಂಬರು ದಾಟಿ, 760, ರಿಮೋಟ್, 227300 ಎಂದು ಒಂದೊಂದೇ ಹತ್ತುವುದು. ಕುಮಾರಪರ್ವತ ಹತ್ತುವವರಿಗೆ ನಡುವೆ ಗಿರಿಗದ್ದೆಯಲ್ಲಿ ಊಟವಾದರೂ ಸಿಗುತ್ತದೆ, ಇಲ್ಲಿ ಅದೂ ಇಲ್ಲ. ಕೊನೆಗೆ ಸಿಗುವ ಸ್ಕ್ರೀನ್‌ಶಾಟ್ಸ್ ಫೋಲ್ಡರಿನಲ್ಲಿ ಸುಳ್ಳು ಪಟವನ್ನು ಎಬ್ಬಿಸಿ, ಹಳೆಯ ಪಟಕ್ಕೆ ಅದರದೇ ಹೆಸರಿಟ್ಟು ಅದೇ ಜಾಗದಲ್ಲಿ ಕೂರಿಸುವುದು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ ವಿದ್ಯೆ. ಮುನ್ನೂರು ಪಟಕ್ಕೆ ಮುನ್ನೂರು ಟವೆಲು.

2024ರ ಜುಲೈ ಮಳೆಯ ಒಂದು ರಾತ್ರಿ ಈ ಕೆಲಸ ನಡೆದಿತ್ತು. ನಾನು ಪಕ್ಕದಲ್ಲಿ ಹಲಸಿನ ಹಪ್ಪಳ ಮುರಿಯುತ್ತ ಕೂತಿದ್ದೆ. ಮಾವ ಬಂದು ಬಗ್ಗಿ ನೋಡಿದರು.

“ಇದೆಂತ ಊರು?”

“ಬೋರ್ಡೋ ಅಪ್ಪ. ಫ್ರಾನ್ಸ್.”

“ನಮ್ಮ ಅಡಿಕೆ ಮದ್ದಿನ ಬೋರ್ಡೋವಾ?”

“ಅದೇ. ಮೈಲುತುತ್ತು, ಸುಣ್ಣ ಕಲಸಿ ದ್ರಾಕ್ಷಿಗೆ ಹೊಡೆಯಲು ಶುರು ಮಾಡಿದ್ದು ಆ ಕಡೆಯವರೇ.”

“ಲಾರಿ ಖಾಲಿ ತಂದೆಯಾ ಹಾಗಾದರೆ? ಇಲ್ಲಿ ಎರಡನೇ ಮದ್ದು ಬಿಡಲಿಕ್ಕೆ ಮೈಲುತುತ್ತು ಇಲ್ಲ, ಜನವೂ ಇಲ್ಲ.”

ಭಾವ ಮಾತಾಡಲಿಲ್ಲ. ಮಾವನ ಬೆರಳು ಪಟದ ಹೆಸರಿನ ಮೇಲೆ ನಿಂತಿತು: 20240714213205_1. “ಇದು ಇವತ್ತಿನ ತಾರೀಕಲ್ಲವಾ? ಯಾವಾಗ ಹೋದದ್ದು ನೀನು?”

“2021ರಲ್ಲಿ. ತಾರೀಕು ಸುಳ್ಳು ಪಟದ್ದು.”

ಮಾವ ನೆಟ್ಟಗಾದರು. ಅವರು ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ಮಿಲಿಮೀಟರ್ ಬರೆದಿಡುವವರು. ನಮ್ಮ ಊರುಗಳಲ್ಲಿ ಇಂಥವರೂ ಸಾಕಷ್ಟಿದ್ದಾರೆ. “ನಲವತ್ತು ವರ್ಷದಲ್ಲಿ ಒಂದು ದಿನದ ಮಳೆಯನ್ನು ಇನ್ನೊಂದು ದಿನಕ್ಕೆ ಬರೆದವನಲ್ಲ ನಾನು. ಇದು ಕಳ್ಳಲೆಕ್ಕ” ಎಂದು ಹೇಳಿ ಮಲಗಲು ಹೋದರು. ಭಾವ ಮುಖ ಸಪ್ಪೆ ಮಾಡಿಕೊಂಡು ಅಪ್‌ಲೋಡ್ ಒತ್ತಿದ. ತೋಟದಲ್ಲೆಲ್ಲೋ ಅಡಿಕೆಯ ಸೋಗೆ ಬಿದ್ದ ಸದ್ದು. ಕೇಬಲ್ ತುಂಡಾಗಿ ನೆಟ್ ಹೋಯಿತು.

ಪಾಪ ಭಾವ. ನನಗೂ ಅಲ್ಲಿ ಬಾಯಿ ಬಿಡುವ ಧೈರ್ಯ ಬರಲಿಲ್ಲ. ಒಂದು ಜುಲೈಯಲ್ಲಿ ಮಾವ ಕಾಶಿಗೆ ಹೋದಾಗ ಮಳೆ ಪುಸ್ತಕ ನನ್ನ ಕೈಗೆ ಕೊಟ್ಟಿದ್ದರು. ಆ ಒಂಬತ್ತು ದಿನದ ಮಳೆಯನ್ನು ಹತ್ತನೇ ದಿನ ಒಟ್ಟಿಗೆ ಕೂತು ಅಂದಾಜಿಗೆ ಬರೆದವನು ನಾನು. ದಯವಿಟ್ಟು ಮಾವನಿಗೆ ಹೇಳಬೇಡಿ.