ತಯಾರಿಗೆ ತಯಾರಿ

(ಖಾನಾಪುರ ಬಸ್ ನಿಲ್ದಾಣ. ಬೆಳಗಾವಿ ಬಸ್ ಇನ್ನೂ ಬಂದಿಲ್ಲ; ಬರುವ ಸೂಚನೆಯೂ ಇಲ್ಲ.)

ಕಾಕಾ: ಕೊರಳಾಗ ಪಟ್ಟಿ ಹಾಕ್ಕೊಂಡು ಎಲ್ಲಿಗೆ ಹೊಂಟಿಯೋ ತಮ್ಮಾ?

ಹುಡುಗ: ಟ್ರೇನಿಂಗಿಗೆ ರೀ ಕಾಕಾ. ಅಪ್ರೆಂಟಿಸ್ ಆಗಾಕ ತಯಾರ ಮಾಡ್ತಾರ.

ಕಾಕಾ: ಅಪ್ರೆಂಟಿಸ್ ಅಂದ್ರನ ಕಲಿಯಾಂವ. ಕಲಿಯೂದನ್ನೂ ಕಲಸ್ತಾರ?

ಹುಡುಗ: ಹೂಂ ರೀ. ಕೈ ಕುಲುಕೂದು ಮುಗೀತು. ಮುಂದಿನ ವಾರ ನಗೂದು.

ಕಾಕಾ: ಬೆಳಗಾವಿ ಉದ್ಯಮಬಾಗದಾಗ ಕ್ರ್ಯಾಂಕ್‌ಶಾಫ್ಟ್ ಮಾಡ್ತಾರಪಾ. ಅದರ ಮುಂದ ನಿಂತು ನಗಾಂವೇನು? ಲೇಥ್ ಮುಟ್ಟೀಯಿಲ್ಲೋ?

ಹುಡುಗ: ಸ್ಲೈಡಿನಾಗ ನೋಡೇನ್ರಿ.

ಕಾಕಾ: ನಮ್ಮೂರ ಕುಂಬಾರಿಕಿ ಸಂಸ್ಥೆ ನೋಡು, ಕಲತಾವನ ಕೈಗೆ ಮಣ್ಣರ ಹತ್ತತದ.

ಹುಡುಗ: ನಮಗೂ ಮಣ್ಣಿನ ಮುದ್ದಿ ಅಂತಾರ್ರೀ. ತಿಗರಿ ಇನ್ನೂ ಬಂದಿಲ್ಲ.

ಕಾಕಾ: 1961ರ ಅಪ್ರೆಂಟಿಸ್ ಕಾಯ್ದೆ ಐತಲ್ಲೋ. 30 ಮಂದಿ ಇದ್ದ ಕಾರ್ಖಾನಿ ತಗೊಳ್ಳಾಕನ ಬೇಕು.

ಹುಡುಗ: ನಾ ಕೇಳಿದ ಶೆಡ್ಡಿನಾಗ ಮಾಲಕನ ಅಳಿಯ ಸೇರಿ ಎಂಟು ಮಂದಿ ರೀ. ಮತ್ತ ನಾ ಡಿಪ್ಲೊಮಾ. ನೌಕರಿ ಇಲ್ಲದವ್ರಿಗೆ ಸರಕಾರ ಕೊಡೂ ಯುವನಿಧಿ ತಿಂಗಳಿಗೆ 1,500 ಬರ್ತದ. ಅಪ್ರೆಂಟಿಸ್ ಆದ್ರ ಅದು ಬಂದ್. ತಯಾರ ಆಗ್ತಾ ಇದ್ರ ಚಾಲೂ.

ಕಾಕಾ: ಎಷ್ಟು ದಿನ?

ಹುಡುಗ: ಎರಡು ವರ್ಷ. ಅಲ್ಲೀಮಟ ಅವಸರ ಮಾಡಬಾರದು ಅಂತ ನಮ್ಮವ್ವ ಹೇಳ್ಯಾಳ.

(ಅವ್ವ ಈ ಯೋಜನೆಯನ್ನು ಅಧಿಕಾರಿಗಳಿಗಿಂತ ಚೆನ್ನಾಗಿ ಓದಿದ್ದಾಳೆ.)

ಕಾಕಾ: ಆತು ಬಿಡು. ನಿಮಗ ಕಲಸಾಂವ ಮೊದಲ ಯಾವ ಕಾರ್ಖಾನ್ಯಾಗ ಇದ್ದ?

ಹುಡುಗ: ಹೋದ ಬ್ಯಾಚಿನಾಂವ ರೀ. ಎಲ್ಲೂ ನೌಕರಿ ಸಿಗಲಿಲ್ಲ, ಇಲ್ಲೇ ಇಟ್ಕೊಂಡ್ರು. ‘ಪ್ಲೇಸ್‌ಮೆಂಟ್ ಆದವರು’ ಅಂತ ಗ್ವಾಡಿಗೆ ಅವನೊಬ್ಬಂದ ಫೋಟೊ ಹಾಕ್ಯಾರ.