ಸಿಂಬಾನ ಸಾವ್ಕಾರ್ರು

ಬಳ್ಳಾರಿಯಲ್ಲಿ ದೊಡ್ಡ ನಾಯಿ ಸಾಕಿದವರ ಕಾರು ದೂರದಿಂದಲೇ ಗೊತ್ತಾಗುತ್ತದೆ. ಮುಂದಿನ ಸೀಟಿನಲ್ಲಿ ನಾಯಿ, ಹಿಂದೆ ನೀರಿನ ಬಾಟಲಿ ಹಿಡಿದು ಬಗ್ಗಿ ಕೂತ ಯಜಮಾನ. ಈ ಸಾವ್ಕಾರ್ರಿಗೆ ಬಳ್ಳಾರಿಯಲ್ಲಿ ಮನೆ, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಎರಡರ ನಡುವೆ ಸಿಂಬಾ ಓಡಾಡುತ್ತಾನೆ, ಇವರು ಜೊತೆಗಿರುತ್ತಾರೆ.

ಸಿಂಬಾ ಸೇಂಟ್ ಬರ್ನಾರ್ಡ್. ಆಲ್ಪ್ಸ್ ಪರ್ವತದ ಮಠವೊಂದರಲ್ಲಿ, ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕುತ್ತಿದ್ದ ಕುಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಯಾರನ್ನು ಹುಡುಕಬೇಕೋ ಪಾಪ, ಅದಕ್ಕೂ ತಿಳಿದಿಲ್ಲ. "ಮುಧೋಳ ನಾಯಿ ತರಬಹುದಿತ್ತಲ್ರೀ, 2005ರಲ್ಲೇ ಅಂಚೆ ಚೀಟಿ ಮ್ಯಾಲೆ ಬಂದೈತಿ" ಅಂದೆ. "ತೆಳ್ಳಗಿರ್ತಾವ್ರಿ. ಕಾರಿನಾಗ ಕುಂತ್ರ ಮಂದಿಗೆ ಕಾಣಂಗಿಲ್ಲ" ಅಂದರು.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಲೇ ಮೈ ತಣಿಸಿಕೊಳ್ಳಬೇಕು. ಬಿಸಿಲಿಗೆ ನಿಂತ ಕಾರಿನೊಳಗೆ ಬಿಟ್ಟರೆ ಜೀವಕ್ಕೇ ಅಪಾಯ. ಇಷ್ಟನ್ನು ಸಾವ್ಕಾರ್ರು ಸರಿಯಾಗಿಯೇ ತಿಳಿದುಕೊಂಡಿದ್ದಾರೆ. ಹಾಗಾಗಿ ಏಸಿ ಗಾಳಿಯೆಲ್ಲ ಸಿಂಬಾನ ಕಡೆಗೆ. ಡ್ರೈವರ್ ಬೆವರುತ್ತಾನೆ. ಅವನಿಗೆ ಆ ಸೌಲಭ್ಯವಿದೆಯಲ್ಲ! ಸಿಂಬಾನೊಂದಿಗೆ ಇಂಗ್ಲಿಷು, ಡ್ರೈವರನೊಂದಿಗೆ ತೆಲುಗು, ಹಮಾಲರೊಂದಿಗೆ ಕನ್ನಡ ಎಂದು ಸಾವ್ಕಾರ್ರು ಭಾಷೆಗಳನ್ನು ಹಂಚಿಟ್ಟಿದ್ದಾರೆ. ಆದರೂ "ಸಿಟ್" ಅಂದಾಗ ಬೆಚ್ಚಿ ನೆಟ್ಟಗೆ ಕೂರುವವನು ಡ್ರೈವರ್.

ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ದರ್ಶನಕ್ಕೆ ಇಳಿಯಲೇಬೇಕು. ಒಳಗೆ ಬಸವಣ್ಣನಿಗೆ ಮಂಗಳಾರತಿ, ಹೊರಗೆ ಎಂಜಿನ್ ಬಂದ್ ಮಾಡದೆ ಸಿಂಬಾನಿಗೆ ಏಸಿ. ಡ್ರೈವರ್ ಕಾವಲು, ಅವನಿಗೆ ಈವರೆಗೆ ಬಾಗಿಲಲ್ಲೇ ನಮಸ್ಕಾರ. ಗಾಜಿನೊಳಗೆ ಇಣುಕಿದ ರೈತನೊಬ್ಬ ಮೈಗಾತ್ರವನ್ನೆಲ್ಲ ಅಳೆದು, ತಿರುಗಿ ಬಂದ ಸಾವ್ಕಾರ್ರನ್ನು ಗೌರವದಿಂದಲೇ ಕೇಳಿದ: "ಹೊತ್ತಿಗೆ ಎಷ್ಟು ಹಾಲು ಕೊಡ್ತೈತ್ರಿ?"

ಅಲ್ಲಿಂದ ಮುಂದೆ ಪ್ರಯಾಣ ಸಾಗುವುದು ಸಿಂಬಾನ ಇಚ್ಛೆಯಂತೆ. ಮರ ಕಂಡಲ್ಲಿ ಇಳಿಯಬೇಕು, ಕಾಲುವೆ ಕಂಡಲ್ಲಿ ಮುಳುಗಬೇಕು, ಒದ್ದೆ ಮೈ ಕೊಡವಲು ಮಾತ್ರ ಸಾವ್ಕಾರ್ರ ಬಿಳಿ ಅಂಗಿಯ ಪಕ್ಕಕ್ಕೇ ಬರಬೇಕು. ಮನೆಯಲ್ಲಿ ಮೂಟೆಗಟ್ಟಲೆ ಸೋನಾ ಮಸೂರಿ ಇದ್ದರೂ ಡಿಕ್ಕಿಯಲ್ಲಿ ಅವನಿಗೆ ಬೆಂಗಳೂರಿನಿಂದ ತರಿಸಿದ ಪಾಕೀಟಿನ ಊಟ.

ಸಾವ್ಕಾರ್ರ ತಾಯಿ ಈ ಕಾರು ಹತ್ತುವುದನ್ನು ಬಿಟ್ಟಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡು ತೋರಿಸಿ, ಕೆಂಪು ಬಸ್ಸಿನ ಕಿಟಕಿ ಪಕ್ಕ ಕೂತು ಸಿರುಗುಪ್ಪಕ್ಕೆ ಹೋಗುತ್ತಾರೆ. ಮೊನ್ನೆ ಬೀಗರ ಮನೆಯ ಮದುವೆಗೂ ಹಾಗೇ ಬಂದಿದ್ದರು. ಅಕ್ಷತೆ ಬಿದ್ದಿತ್ತು, ಊಟದ ಎರಡನೇ ಪಂಕ್ತಿಯೂ ಎದ್ದಿತ್ತು.

"ಸಾವ್ಕಾರ್ರು ಬರಲಿಲ್ಲೇನಬೇ?" ಎಂದು ಬೀಗರು ಕೇಳಿದರು.

"ಬರ್ತಾನ ತಗೋ" ಎಂದು ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. "ನಾಯಿ ಕರಕೊಂಡು ಬರಾಕತ್ತೈತಿ."