ಫೇಲಾದವನಿಗೇ ಫಸ್ಟ್ ಪ್ರೈಜು

“ಇದೆಂಥಾ ಪಂಕ್ತಿಭೇದ ಸ್ವಾಮಿ?” ಅಂತ ಕಾಂಪೌಂಡ್ ಮೇಲೆ ಮೊಣಕೈ ಊರಿ ಕೇಳಿದೆ. ಪಕ್ಕದ ಮನೆ ರಾಯರು ನಮ್ಮ ಬನಶಂಕರಿ ಎರಡನೇ ಹಂತದ ಸುಚಿತ್ರಾ ಫಿಲಂ ಸೊಸೈಟಿಯ ಹಳೇ ಹುಲಿ. ನಾನು ಶಿಳ್ಳೆ ಹೊಡೆಯೋ ಪಾರ್ಟಿ. 2023ರ ರಾಷ್ಟ್ರಪ್ರಶಸ್ತಿಯಲ್ಲಿ ತೆಲುಗಿನ ಸೂಪರ್‌ಹೀರೋ ಚಿತ್ರ ‘ಹನುಮಾನ್’ಗೆ ಅನಿಮೇಷನ್, ಗೇಮಿಂಗ್, ಕಾಮಿಕ್ಸ್ ಅಂತ ಮೂಲೆಯಲ್ಲೊಂದು ಎಲೆ, ಫೈಟಿಂಗಿಗೆ ಇನ್ನೊಂದು. ಅತ್ಯುತ್ತಮ ಚಿತ್ರ ಮಾತ್ರ ‘ಟ್ವೆಲ್ತ್ ಫೇಲ್’!

“ಸರಿಯಾಗೇ ಇದೆಯಲ್ಲ,” ರಾಯರು ದಾಸವಾಳದ ಕೊಂಬೆ ಬಗ್ಗಿಸುತ್ತಾ ಅಂದರು. “ಬೆಟ್ಟ ಎತ್ತೋನು ಗೆಲ್ತಾನೆ ಅಂತ ಟಿಕೆಟ್ ತಗೊಳ್ಳೋವಾಗಲೇ ಗೊತ್ತು. ಪ್ರಶಸ್ತಿ ಕೊಡೋದು ಸೋತೋರಿಗೆ ಕಣ್ರೀ. ‘ಚೋಮನ ದುಡಿ’ಯ ಚೋಮನಿಗೆ ಭೂಮಿ ಸಿಗಲಿಲ್ಲ, ‘ತಬರನ ಕಥೆ’ಯ ತಬರನಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಸಿಗಲಿಲ್ಲ. ಸಿಕ್ಕಿದ್ದರೆ ಸ್ವರ್ಣಕಮಲ ಬರ್ತಿತ್ತಾ? ವಾಸುದೇವರಾಯರಿಗೂ ಚಾರುಹಾಸನ್‌ಗೂ ಶ್ರೇಷ್ಠ ನಟ ಬಂದಿದ್ದು ಆ ಸೋಲಿಗೇ.”

ನಾನು ಅಣ್ಣಾವ್ರನ್ನ ಕಣಕ್ಕೆ ಇಳಿಸಿದೆ. 1977ರ ‘ಬಬ್ರುವಾಹನ’. ಅರ್ಜುನನೂ ಅವರೇ, ಅವನೆದುರು ತೊಡೆ ತಟ್ಟೋ ಮಗನೂ ಅವರೇ. ಆ ವರ್ಷದ ಸ್ವರ್ಣಕಮಲ ಹೋಗಿದ್ದು ‘ಘಟಶ್ರಾದ್ಧ’ಕ್ಕೆ. ಕಾಸರವಳ್ಳಿಯವರ ಮೇಲೆ ನನಗೇನೂ ಸಿಟ್ಟಿಲ್ಲ, ಒಳ್ಳೇ ಸಿನಿಮಾನೇ. ಆದರೆ ರಾಜ್‌ಕುಮಾರ್‌ಗೆ ಒಂದು ಸಲವೂ ರಾಷ್ಟ್ರಮಟ್ಟದ ಶ್ರೇಷ್ಠ ನಟ ಕೊಡದೆ, ‘ಜೀವನ ಚೈತ್ರ’ದ ಹಾಡಿಗೆ ಗಾಯಕ ಅಂತ ಕೊಟ್ಟರಲ್ಲ! ಆಮೇಲೆ ಫಾಲ್ಕೆ ಬಂತು ಅನ್ನಿ, ಅದು ಬೇರೆ ಲೆಕ್ಕ.

ರಾಯರು ತುಟಿಪಿಟಿಕ್ ಅನ್ನಲಿಲ್ಲ. ಅಣ್ಣಾವ್ರ ವಿಷಯಕ್ಕೆ ನಮ್ಮ ಬೀದಿಯಲ್ಲಿ ಯಾರೂ ಎದುರಾಡಲ್ಲ.

“ಆಸ್ಕರ್ರೂ ಅಷ್ಟೇ,” ಅಂತ ಅಮೆರಿಕಾಗೆ ಜಾರಿಕೊಂಡರು. ಅಲ್ಲೂ ಬ್ಯಾಟ್‌ಮ್ಯಾನ್ ಆದೋನಿಗೆ ಕೊಡಲಿಲ್ಲ. ಜೋಕರ್ ಆದ ಹೀತ್ ಲೆಡ್ಜರ್‌ಗೆ ಕೊಟ್ಟರು, ಅದೂ ಪಾಪ ತೀರಿಹೋದ ಮೇಲೆ. ಆಮೇಲೆ ವಾಕೀನ್ ಫೀನಿಕ್ಸ್‌ಗೆ ಬಂದಿದ್ದೂ ಜೋಕರ್ ಪಾತ್ರಕ್ಕೇ. ‘ಬ್ಲ್ಯಾಕ್ ಪ್ಯಾಂಥರ್’ ಅತ್ಯುತ್ತಮ ಚಿತ್ರದ ಪಟ್ಟಿಗೇನೋ ಏರಿತು, ಕೈಗೆ ಸಿಕ್ಕಿದ್ದು ಉಡುಪು, ಸೆಟ್ಟು, ಸಂಗೀತದ ಬಹುಮಾನ. ಬಟ್ಟೆ ಹೊಲಿದೋರಿಗೆ ಮರ್ಯಾದೆ, ತೊಟ್ಟೋನಿಗಿಲ್ಲ.

ಅಷ್ಟರಲ್ಲಿ ರಾಯರ ಮೊಮ್ಮಗ ಸ್ಪೈಡರ್‌ಮ್ಯಾನ್ ಮುಖವಾಡ ಹಾಕಿಕೊಂಡು ಬಂದ. ಜಯನಗರ ಫೋರ್ತ್ ಬ್ಲಾಕಿನ ಫುಟ್‌ಪಾತ್ ಮಾಲು, ಕಣ್ಣಿನ ತೂತು ಒಂದು ಮೇಲೆ, ಒಂದು ಕೆಳಗೆ. ಒಳಗಿಂದ ಏನೋ ಗೊಣಗಿದ. ನಗ್ತಾ ಇದ್ದಾನೋ ಅಳ್ತಾ ಇದ್ದಾನೋ ಇಬ್ಬರಿಗೂ ತಿಳಿಯಲಿಲ್ಲ. “ನೋಡಿ, ಜ್ಯೂರಿಗಳ ಕಷ್ಟಾನೂ ಇದೇ,” ಅಂದರು ರಾಯರು.

ನಾನು ತುರುಪು ಇಳಿಸಿದೆ. “ಹಾಗಾದ್ರೆ ‘ಕಾಂತಾರ’? ಮೈಮೇಲೆ ದೈವ ಬರೋದಕ್ಕಿಂತ ದೊಡ್ಡ ಸೂಪರ್‌ಪವರ್ ಯಾವುದು ಹೇಳಿ. ರಿಷಬ್ ಶೆಟ್ಟಿಗೆ 2022ರ ಶ್ರೇಷ್ಠ ನಟ ಬಂತು. ಅದೇ ಸಾಲಿನಲ್ಲಿ ‘ಕೆಜಿಎಫ್ 2’ ಅತ್ಯುತ್ತಮ ಕನ್ನಡ ಚಿತ್ರ ಆಯ್ತು.”

“ಯಾಕೆ ಬಂತು? ‘ಕಾಂತಾರ’ದ ಶಿವ ಏಟು ತಿಂದು ಪ್ರಾಣ ಹೋಗೋ ಹಾಗಾದ ಮೇಲೆ ತಾನೇ ದೈವ ಬಂದಿದ್ದು? ‘ಕೆಜಿಎಫ್’ ರಾಕಿ ಚಿನ್ನದ ಸಮೇತ ಸಮುದ್ರದಲ್ಲಿ ಮುಳುಗಿದ. ಇಬ್ಬರೂ ಸೋತೋರೇ.”

“ಮುಳುಗಿದ್ರೂ ಚಿನ್ನ ಬಿಟ್ಟುಕೊಡಲಿಲ್ಲವಲ್ಲ ಸ್ವಾಮಿ, ಅದನ್ನ ಸೋಲು ಅಂತಾರಾ?”